ಬಲಗಾಲಿನ ಬ್ರೇಕು

ಅವಳು ಬಲಗಡೆಯ ಪೆಡಲನ್ನು ಒತ್ತಿದಳು. ಕಾರು ಮುಗ್ಗರಿಸಿ ನಿಂತಿತು. ಸ್ಟಿಯರಿಂಗ್ ಹಿಡಿದಿದ್ದ ಹಲ್ಲಿನ ಡಾಕ್ಟರಮ್ಮನ ಕನ್ನಡಕ ಮೂಗಿನ ತುದಿಗೆ ಜಾರಿತು.

"ನಾನೇನು ತಪ್ಪು ಮಾಡ್ದೆ?"

"ನೀವೇನೂ ಮಾಡಿಲ್ಲ. ಇನ್ನೊಂದು ಸಲ ಮುಂದೆ ಬಿಡಿ."

ಡಾಕ್ಟರಮ್ಮ ಉಸಿರು ಬಿಗಿಹಿಡಿದು ಕ್ಲಚ್ ಬಿಟ್ಟರು. ಕಾರು ಮೈದಾನದ ಮಣ್ಣಿನ ಮೇಲೆ ಒಂದಿಷ್ಟು ದೂರ ತೆವಳಿತು. ಎಡಗಡೆಯ ಸೀಟಿನಲ್ಲಿ ಕೂತಿದ್ದ ಅವಳು ಬಗ್ಗಿ ತನ್ನ ಕಾಲ ಬುಡವನ್ನು ನೋಡಿದಳು. ಡ್ರೈವಿಂಗ್ ಕಲಿಸುವವರಿಗೆಂದು ಪ್ರತ್ಯೇಕವಾಗಿ ಕೂರಿಸಿದ ಪೆಡಲುಗಳು, ಎರಡೇ ಎರಡು. ಎಡಗಡೆಯದು ಕ್ಲಚ್ಚು, ಬಲಗಡೆಯದು ಬ್ರೇಕು. ಮೂರನೆಯದು ಇರಲಿಲ್ಲ, ಕಲಿಸುವವರಿಗೆ ವೇಗದಿಂದ ಏನಾಗಬೇಕು? ಬಲಗಡೆಯದರ ರಬ್ಬರು ಪೂರಾ ಸವೆದು ಒಳಗಿನ ಕಬ್ಬಿಣ ಮಿರಮಿರ ಹೊಳೆಯುತ್ತಿತ್ತು. ವರ್ಷಗಟ್ಟಲೆ ಒಂದೇ ಕಾಲು ಒಂದೇ ಜಾಗಕ್ಕೆ ಎಗರಿ ಬಿದ್ದದ್ದರ ಗುರುತು. ಅವಳು ತನ್ನ ಬಲಗಾಲನ್ನು ಆ ಹೊಳಪಿನ ಮೇಲಿಟ್ಟು ಮತ್ತೆ ಒತ್ತಿದಳು. ಕಾರು ಮತ್ತೆ ನಿಂತಿತು. ಈ ಸಲ ಅವಳು ಕಾಲೆತ್ತದೆ ಅಲ್ಲೇ ಒತ್ತಿ ಹಿಡಿದಳು.

ಇದಾ, ಎಂದುಕೊಂಡಳು. ಇದೇನಾ?

ಭಾವ ಆಫೀಸಿನಿಂದ ಹೊರಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಿವಿಗೆ ಫೋನು. ಬೀದಿಗೆಲ್ಲ ಅವನು ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದವನು ತಾನೇ ಎಂದು ಹೇಳಿಕೊಳ್ಳುತ್ತಿದ್ದ, ಉಳಿದರ್ಧ ಜನ ಹೇಗೆ ಓಡಿಸುತ್ತಾರೆ ನೋಡಿ ಎಂದೂ ಸೇರಿಸುತ್ತಿದ್ದ. ತನ್ನ ಸೀಟಿನಲ್ಲಿ ನಾದಿನಿ ಕೂತದ್ದನ್ನು ಕಂಡು ಫೋನನ್ನು ಜೇಬಿಗಿಳಿಸಿ ನಗುತ್ತಾ ಬಂದು ಕಿಟಕಿಗೆ ಮೊಣಕೈ ಊರಿದ.

"ಹುಷಾರು ಡಾಕ್ಟ್ರೇ. ಗೋಡೆ ಕಥೆ ಹೇಳಿದ್ನಲ್ಲ, ಅದರ ನಾಯಕಿ ಇವಳೇ."

ಡಾಕ್ಟರಮ್ಮ ಅವಳತ್ತ ತಿರುಗಿ ನಕ್ಕರು. ಹಲ್ಲು ಕೀಳುವ ಮುಂಚೆ ಏನೂ ನೋವಾಗುವುದಿಲ್ಲ ಎಂದು ಹೇಳುವಾಗಿನ ನಗು. ಅವಳೂ ನಕ್ಕಳು. ಅಕ್ಕ ಕಳಿಸಿದ್ದ ಊಟದ ಡಬ್ಬಿಯನ್ನು ಭಾವನ ಕೈಗಿಟ್ಟು, ಮೈದಾನ ದಾಟಿ, ಗೇಟಿನಾಚೆ ಹೋಗುವ ತನಕ ನಗುತ್ತಲೇ ಇದ್ದಳು. ಆಮೇಲೆ ದವಡೆ ನೋಯುತ್ತಿದೆ ಎಂದು ಗೊತ್ತಾಯಿತು.

ಆ ಗೋಡೆಗೆ ಕಾರು ಗುದ್ದಿಸಿದ್ದು ಅವಳಲ್ಲ.

ಭಾವನಿಗೆ ಪಕ್ಕದ ಪಟ್ಟಣದಲ್ಲಿ ಇನ್ನೊಂದು ಡ್ರೈವಿಂಗ್ ಶಾಲೆ ತೆರೆಯುವ ಆಸೆ ಹುಟ್ಟಿತ್ತು. ಜಾಗ ನೋಡಲು ಹೋಗಬೇಕು. ಕಲಿಯುವವರು ನಜ್ಜುಗುಜ್ಜು ಮಾಡಿದ ತನ್ನ ಕಾರಿನಲ್ಲಿ ಹೋಗಿ ಇಳಿದರೆ ಜಾಗದವನು ಮರ್ಯಾದೆ ಕೊಡುವುದಿಲ್ಲ ಎಂದು, ಒಳ್ಳೆಯದೊಂದು ಕಾರನ್ನು ಬಾಡಿಗೆಗೆ ಹಿಡಿಯುವುದೆಂದು ತೀರ್ಮಾನವಾಯಿತು. ಅವಳು ಕೆಲಸ ಮಾಡುವ ಡಯಾಲಿಸಿಸ್ ಕೇಂದ್ರದ ನೌಕರರಿಗೆ ಬಾಡಿಗೆ ಕಂಪನಿಯಲ್ಲಿ ರಿಯಾಯಿತಿ ಇತ್ತು. ಹಾಗಾಗಿ ಒಪ್ಪಂದ ಅವಳ ಹೆಸರಿನಲ್ಲಾಯಿತು, ಸಹಿಯೂ ಅವಳದೇ. ಕೌಂಟರಿನ ಹುಡುಗಿ, ಬೇರೆ ಯಾರಾದರೂ ಓಡಿಸುತ್ತಾರಾ, ಹಾಗಿದ್ದರೆ ಅವರ ಹೆಸರನ್ನೂ ಸೇರಿಸಬೇಕು, ಸ್ವಲ್ಪ ಹೆಚ್ಚಿಗೆ ಆಗುತ್ತದೆ ಎಂದಿದ್ದಳು. ವಿಮೆ ಇರುವುದು ಒಪ್ಪಂದದಲ್ಲಿ ಹೆಸರಿರುವ ಡ್ರೈವರಿಗೆ ಮಾತ್ರ, ಬೇರೆಯವರು ಸ್ಟಿಯರಿಂಗ್ ಮುಟ್ಟಿದರೆ ವಿಮೆಯೂ ಇಲ್ಲ ಮಣ್ಣೂ ಇಲ್ಲ ಎಂದು ಬಿಡಿಸಿ ಹೇಳಿದ್ದಳು. ಅವಳು ಭಾವನ ಮುಖ ನೋಡಿದಳು. ಭಾವ ಕೌಂಟರಿಗೆ ಒರಗಿಕೊಂಡು, ಹಾಗಾದರೆ ನಮ್ಮ ಬೀದಿಯ ನಾಯಿಯ ಹೆಸರನ್ನೂ ಬರೆದುಕೊಳ್ಳಿ, ಅದೂ ಕಿಟಕಿ ಹತ್ತಿರ ಕೂರುತ್ತೆ ಎಂದ. ಹುಡುಗಿ ನಗಲಿಲ್ಲ. ಹೆಸರು ಸೇರಲಿಲ್ಲ.

ಅದು ಗೇರು ಹಾಕುವ ತಾಪತ್ರಯವಿಲ್ಲದ ಆಟೋಮ್ಯಾಟಿಕ್ ಕಾರು. ಅವಳು ಅರ್ಧ ದಾರಿ ಓಡಿಸಿದ್ದಳು. ಪಕ್ಕದಲ್ಲಿ ಭಾವ, ಹಿಂದೆ ಅಕ್ಕ. ಭಾವ ದಾರಿಯುದ್ದಕ್ಕೂ ತುಟಿ ಬಿಚ್ಚದೆ ಕೂತಿದ್ದರೆ ಅದು ಭಾವನೇ ಅಲ್ಲ. ಮೊಟ್ಟೆಯ ಬುಟ್ಟಿ ಹೊತ್ತವಳ ಹಾಗೆ ಓಡಿಸುತ್ತೀಯಲ್ಲ, ನಾವು ತಲುಪುವುದರೊಳಗೆ ಜಾಗ ಇನ್ಯಾರದೋ ಪಾಲಾಗಿರುತ್ತೆ ಎಂದ. ಅವಳು ಹಾಗೆಯೇ ಓಡಿಸುವುದು. ಕೇಂದ್ರದ ವ್ಯಾನಿನಲ್ಲಿ ಅವಳು ಕರೆತಂದು ಬಿಡುತ್ತಿದ್ದ ರೋಗಿಗಳ ತೋಳಿನಲ್ಲಿ ಸೂಜಿ ಚುಚ್ಚಿದ ಗಾಯ ಹಸಿಯಾಗಿರುತ್ತಿತ್ತು. ಗಾಡಿ ಒಂದು ಸಲ ಕುಲುಕಿದರೂ ಮುಖ ಹಿಂಡುತ್ತಿದ್ದರು. ಅವಳ ಕೈಯಲ್ಲಿ ವ್ಯಾನು ಕುಲುಕುತ್ತಿರಲಿಲ್ಲ. ಅವರೆಲ್ಲ ಅವಳನ್ನು ತೊಟ್ಟಿಲಮ್ಮ ಎಂದು ಕರೆಯುತ್ತಿದ್ದರು. ಒಬ್ಬ ಮುದುಕರಂತೂ, ಮನೆಯ ಹಾಸಿಗೆಯಲ್ಲಿ ಬಾರದ ನಿದ್ದೆ ನಿನ್ನ ವ್ಯಾನಿನಲ್ಲಿ ಬರುತ್ತದಮ್ಮ ಎಂದು ಮನೆ ಬಂದರೂ ಇಳಿಯುತ್ತಿರಲಿಲ್ಲ.

ಭಾವ ಮೊಟ್ಟೆಯಿಂದ ಬಸವನಹುಳುವಿಗೆ ಬಂದ ಮೇಲೆ, ಹಿಂದಿನ ಸೀಟಿನಿಂದ ಅಕ್ಕ, ಕೊಟ್ಟುಬಿಡು ಮರಿ, ಅವರೇ ಓಡಿಸಲಿ, ಸುಮ್ಮನಾಗುತ್ತಾರೆ ಎಂದಳು. ಅವಳು ಬದಿಗೆ ನಿಲ್ಲಿಸಿ ಇಳಿದು ಎಡಗಡೆಗೆ ಬಂದು ಕೂತಳು.

ಇಳಿಜಾರಿನಲ್ಲಿ ನಾಯಿಯೊಂದು ಅಡ್ಡ ಬಂತು. ನಾಯಿ ಸಾವಕಾಶವಾಗಿ ದಾಟಿತು. ಕಾರು ನಿಲ್ಲಬೇಕಾದಲ್ಲಿ ಹುಚ್ಚು ಹಿಡಿದಂತೆ ಕೂಗಿ ಮುಂದಕ್ಕೆ ಎಗರಿತು. ಸಸಿ ಮಾರುವವನ ಕಾಂಪೌಂಡ್ ಗೋಡೆ, ಗೋಡೆಗೆ ಒರಗಿಸಿದ್ದ ಅವನ ಸ್ಕೂಟರು, ಸ್ಕೂಟರಿನ ಹಿಂದಿದ್ದ ಕುಂಡಗಳು, ಎಲ್ಲ ಒಂದೇ ರಾಶಿಯಾದವು. ಅವಳ ಎಡ ಭುಜದ ಮೇಲೆ ಬಿಗಿದಿದ್ದ ಬೆಲ್ಟಿನ ಅಡಿಯಲ್ಲಿ ಕೊರಳ ಮೂಳೆ ಮುರಿಯಿತು. ಅಕ್ಕನ ಹಣೆ ಊದಿಕೊಂಡಿತು. ಭಾವನಿಗೆ ಒಂದು ಗೀರೂ ಇಲ್ಲ.

ಆಸ್ಪತ್ರೆಯಲ್ಲಿ ಅವಳಿಗೆ ನೋವಿನ ಇಂಜೆಕ್ಷನ್ ಕೊಟ್ಟಿದ್ದರು. ಭಾವ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ಬಹಳ ಮೆತ್ತಗೆ ಮಾತಾಡಿದ. ಓಡಿಸುತ್ತಿದ್ದದ್ದು ನೀನು ಅಂದರೆ ಕಾರು, ಗೋಡೆ, ಸ್ಕೂಟರು ಎಲ್ಲವನ್ನೂ ವಿಮೆಯವರು ನೋಡಿಕೊಳ್ಳುತ್ತಾರೆ, ಯಾರ ಗಂಟೂ ಹೋಗುವುದಿಲ್ಲ. ನಾನು ಅಂದರೆ ಇಡೀ ಕಾರು ನಮ್ಮ ತಲೆಗೇ ಬರುತ್ತೆ, ಅದೂ ಮೊದಲು ಸಹಿ ಮಾಡಿದ ನಿನ್ನ ತಲೆಗೆ. ಮೇಲಾಗಿ ಕಲಿಸುವವನೇ ಗುದ್ದಿದ ಅಂತಾದರೆ ಶಾಲೆಗೆ ಯಾರು ಬರುತ್ತಾರೆ? ಮನೆಯೊಳಗಿನ ಮಾತು, ಮನೆಯೊಳಗೇ ಇರುತ್ತೆ. ಹಣೆಗೆ ಬಟ್ಟೆ ಸುತ್ತಿಕೊಂಡ ಅಕ್ಕ ಕಾಲ ಬಳಿ ನಿಂತು ಅಳುತ್ತಿದ್ದಳು. ಅವಳು ಹ್ಞೂಂ ಎಂದಳು. ವಿಮೆಯ ಕಡೆಯಿಂದ ಬಂದವರು ಬರೆದುಕೊಂಡರು. ಬಲಗೈ ನೆಟ್ಟಗಿತ್ತಲ್ಲ, ಸಹಿ ಹಾಕಿದಳು.

ಮನೆಯೊಳಗೆ ಇರಲಿಲ್ಲ ಅದು. ಅವಳ ತೋಳಿನ ಕಟ್ಟು ಬಿಚ್ಚುವುದರೊಳಗೆ ಭಾವನ ಶಾಲೆಯಲ್ಲಿ ಅದು ಪಾಠವಾಗಿತ್ತು. ಗಾಬರಿಯಾದಾಗ ಕಾಲು ಏನು ಮಾಡುತ್ತೆ ಗೊತ್ತಾ, ನನ್ನ ನಾದಿನಿಯನ್ನು ಕೇಳಿ. ಹೊಸಬರು ಬಂದಾಗೆಲ್ಲ ಮೊದಲ ದಿನ ಆ ಕಥೆ. ಕೇಂದ್ರದ ಮ್ಯಾನೇಜರ್ ಒಂದು ಕಾಲಕ್ಕೆ ಭಾವನ ಬಳಿ ಕಲಿತವನು; ವ್ಯಾನಿನ ವಿಮೆ ನವೀಕರಿಸುವಾಗ ಡ್ರೈವರುಗಳ ಅಪಘಾತದ ಇತಿಹಾಸ ಕೇಳುತ್ತಾರೆ, ಏನು ಮಾಡಲಿ ಮೇಷ್ಟ್ರೇ ಎಂದು ಸಲಹೆ ಕೇಳಿದನಂತೆ. ಒಳ್ಳೆಯ ಹುಡುಗಿ, ಆದರೆ ಗಾಡಿ ಕೊಡಬೇಡ, ರೋಗಿಗಳ ಪ್ರಾಣದ ಪ್ರಶ್ನೆ ಎಂದನಂತೆ ಭಾವ. ಇದನ್ನು ಮ್ಯಾನೇಜರೇ ಅವಳಿಗೆ ಹೇಳಿದ, ಮೇಷ್ಟ್ರು ನಿನ್ನ ಒಳ್ಳೆಯದಕ್ಕೇ ಹೇಳಿದ್ದು ಎಂದೂ ಹೇಳಿದ. ಆ ಅಪಘಾತ ನಿನ್ನ ಹೆಸರಿನಲ್ಲಿ ಇರುವ ತನಕ ನಮ್ಮ ವಿಮೆಯವರು ನಿನ್ನನ್ನು ಡ್ರೈವರ್ ಎಂದು ಒಪ್ಪುವುದಿಲ್ಲ, ನನ್ನ ಕೈಯಲ್ಲಿ ಏನಿದೆ ಎಂದ. ಅವಳನ್ನು ಬಟ್ಟೆ ಒಗೆಯುವ ಕೋಣೆಗೆ ಹಾಕಿದರು. ಹೊಸ ಡ್ರೈವರ್ ವ್ಯಾನನ್ನು ಕುಣಿಸುತ್ತಾ ಗೇಟಿನೊಳಗೆ ತರುವುದು ಆ ಕೋಣೆಯ ಕಿಟಕಿಗೆ ಕಾಣುತ್ತಿತ್ತು. ಮುದುಕರು ತೋಳು ಹಿಡಿದುಕೊಂಡು ಇಳಿಯುವುದೂ ಕಾಣುತ್ತಿತ್ತು. ಅವಳು ಒದ್ದೆ ಹೊದಿಕೆಗಳನ್ನು ಹಿಂಡುತ್ತಿದ್ದಳು. ಹಿಂಡುವಾಗೆಲ್ಲ ಒಂದು ಕುತ್ತಿಗೆಯ ನೆನಪಾಗುತ್ತಿತ್ತು.

ಅಷ್ಟಾದರೂ ಒಂದು ಅರ್ಥವಾಗಿರಲಿಲ್ಲ. ಗಾಡಿಯೇ ಬದುಕಾಗಿರುವ ಮನುಷ್ಯ ಬ್ರೇಕಿನ ಬದಲು ಆಕ್ಸಿಲರೇಟರ್ ಹೇಗೆ ಒತ್ತಿದ? ಅವನ ಕಾಲನ್ನು ಅವಳು ಪಕ್ಕದಿಂದ ಕಣ್ಣಾರೆ ಕಂಡಿದ್ದಳು. ಬಲಗಾಲು ಹಾರಿ ಬಲಗಡೆಯ ಪೆಡಲಿನ ಮೇಲೆ ಬಿದ್ದಿತ್ತು, ಒಂದಿಷ್ಟೂ ಅನುಮಾನವಿಲ್ಲದೆ, ಕಬ್ಬಿಣ ನೆಲಕ್ಕೆ ಮುಟ್ಟುವ ಹಾಗೆ ಒತ್ತಿಯೇ ಹಿಡಿದಿತ್ತು. ಆ ಅನುಮಾನವಿಲ್ಲದ ಕಾಲು ಅವಳನ್ನು ಕಾಡಿತ್ತು. ಈಗ ಅವನ ಸೀಟಿನಲ್ಲಿ ಕೂತೆದ್ದ ಮೇಲೆ ತಿಳಿಯಿತು. ಭಾವ ವರ್ಷಗಳಿಂದ ಎಡಗಡೆಯ ಸೀಟಿನವನು. ಓಡಾಟಕ್ಕೆ ಸ್ಕೂಟರು, ಕಾರೆಂದರೆ ಕಲಿಸುವುದು. ಮೂರು ಪೆಡಲಿದ್ದರೆ ಅವನ ಕಾಲಿಗೆ ದಾರಿ ನೆನಪಾಗುತ್ತಿತ್ತೋ ಏನೋ. ಆಟೋಮ್ಯಾಟಿಕ್ ಕಾರಿನಲ್ಲಿ ಇದ್ದದ್ದು ಎರಡು, ಎಡಗಡೆಯದು ಬ್ರೇಕು, ಬಲಗಡೆಯದು ಆಕ್ಸಿಲರೇಟರ್. ಎರಡು ಪೆಡಲೆಂದರೆ ಆ ಕಾಲಿಗೆ ಬಲಗಡೆಯದೇ ಬ್ರೇಕು.

ಅವಳಿಗೆ ಸಂತೋಷವಾಯಿತು. ಬಹಳ ದಿನಗಳ ಮೇಲೆ ಆದ ಸಂತೋಷ, ಅಷ್ಟೇನೂ ಚೆನ್ನಾಗಿರದ ಸಂತೋಷ.

ವಿಮಾ ಕಂಪನಿಯವರು ಒಬ್ಬ ಸರ್ವೇಯರನ್ನು ಕಳಿಸಿದ್ದರು. ಜಜ್ಜಿಹೋದ ಗಾಡಿಗಳನ್ನು ಕಂಡು, ಯಾಕೆ ಹೀಗಾಯಿತು ಎಂದು ವರದಿ ಬರೆಯುವುದು ಅವರ ಕೆಲಸ. ಗಾಡಿ ರಿಪೇರಿಗೆ ದಕ್ಕುವ ಸ್ಥಿತಿಯಲ್ಲಿಲ್ಲ, ಪೂರ್ತಿ ಕಾರಿನ ಬೆಲೆಯನ್ನೇ ಕಂಪನಿ ಕೊಡಬೇಕಾಗುತ್ತದೆ, ಅದಕ್ಕೇ ಇಷ್ಟು ತಡಕಾಟ ಎಂದು ಅವರು ಫೋನಿನಲ್ಲಿ ಹೇಳಿದ್ದರು. ಕಾರು ಊರಾಚೆ ಒಂದು ಶೆಡ್ಡಿನಲ್ಲಿ ಬಿದ್ದಿತ್ತು. ಅವಳು ಹೋದಾಗ ಸರ್ವೇಯರು ಲವಂಗ ಅಗಿಯುತ್ತಾ ಟಾರ್ಚಿನಿಂದ ಡ್ರೈವರ್ ಸೀಟಿನ ಕೆಳಗೆ ಬೆಳಕು ಬಿಡುತ್ತಿದ್ದರು. ವಯಸ್ಸಾದ, ನಿಧಾನದ ಮನುಷ್ಯ. ಅವಳನ್ನು ಆ ಸೀಟಿನಲ್ಲಿ ಕೂರಲು ಹೇಳಿದರು. ಕೂತಳು. ಸೀಟು ಎಷ್ಟು ಹಿಂದಿತ್ತೆಂದರೆ ಅವಳ ಪಾದ ಪೆಡಲಿಗೆ ಎಟುಕಲಿಲ್ಲ.

"ಮುರಿದದ್ದು ಯಾವ ಕಡೆ ಮೂಳೆ?"

ಅವಳು ಎಡ ಭುಜ ಮುಟ್ಟಿಕೊಂಡಳು. ಸರ್ವೇಯರು ಡ್ರೈವರ್ ಸೀಟಿನ ಬೆಲ್ಟನ್ನು ನಿಧಾನವಾಗಿ ಎಳೆದು ಅವಳ ಬಲ ಭುಜದ ಮೇಲೆ ತಂದು ಬಿಟ್ಟರು. ಅದು ಅಲ್ಲೇ ನಿಂತಿತು. ಇಬ್ಬರೂ ಅದನ್ನೇ ನೋಡಿದರು.

ಅವರು ದಬಾಯಿಸಲಿಲ್ಲ. ಹೀಗೆ ಹೀಗೆ ಎಂದು ಹೇಳಿದರು. ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸಿದ್ದರೆ ಕಂಪನಿ ಕಾರಿನ ಹಣ ಕೊಡುವುದಿಲ್ಲ; ಗೋಡೆ, ಸ್ಕೂಟರಿನವನಿಗೆ ಕೊಟ್ಟು ಆಮೇಲೆ ವಸೂಲಿ ಮಾಡುತ್ತದೆ. ಯಾರಿಂದ ಎಂದರೆ, ಓಡಿಸಿದವನಿಂದ ಮತ್ತು ಸಹಿ ಹಾಕಿದವಳಿಂದ, ಇಬ್ಬರಿಂದಲೂ. ಬಾಡಿಗೆ ಕಂಪನಿಯೂ ಹಾಗೇ ಮಾಡುತ್ತದೆ. ಇನ್ನು, ಹೇಳಿಕೆ ಸುಳ್ಳು ಎಂದು ತಾವೇ ಕಂಡುಹಿಡಿದು ಬರೆದರೆ ಅದು ಮೋಸದ ಲೆಕ್ಕಕ್ಕೆ ಹೋಗುತ್ತದೆ, ಅವಳು ಇನ್ನು ಎಲ್ಲೂ ಗಾಡಿ ಮುಟ್ಟುವ ಹಾಗಿಲ್ಲ. ಅವಳೇ ಬಂದು ತಿದ್ದಿ ಹೇಳಿದರೆ ಅದು ತಿದ್ದುಪಡಿ, ಅಪಘಾತ ಅವಳ ಹೆಸರಿನಿಂದ ಇಳಿಯುತ್ತದೆ. ಮುಂದಿನ ವಾರ ಕಾರಿನಲ್ಲಿದ್ದ ಮೂವರನ್ನೂ ಆಫೀಸಿಗೆ ಕರೆಯುತ್ತೇನೆ, ಅಷ್ಟರಲ್ಲಿ ಯೋಚನೆ ಮಾಡಿ ಎಂದರು. ಒಂದು ಲವಂಗವನ್ನೂ ಕೊಟ್ಟರು.

ಅಲ್ಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಒಂದು ವಾರ ಸಿಕ್ಕಿತ್ತಲ್ಲ, ಅದನ್ನು ಹಾಳು ಮಾಡುವ ಮನಸ್ಸಾಗಲಿಲ್ಲ.

ಮರುದಿನದಿಂದ ಅವಳು ಕೆಲಸ ಮುಗಿಸಿ ನೇರ ಭಾವನ ಮೈದಾನಕ್ಕೆ ಹೋಗತೊಡಗಿದಳು. ಸಂಚಾರದ ಚಿಹ್ನೆಗಳನ್ನು ಬರೆದ ಹಲಗೆಯ ಕೆಳಗೆ ಒಂದು ಬೆಂಚಿತ್ತು. ಅಲ್ಲಿ ಕೂತು ಕಾರನ್ನು ನೋಡುವುದು. ಕಾರನ್ನೂ ಅಲ್ಲ, ಎಡಗಡೆಯ ಬಾಗಿಲಿನ ಕೆಳಭಾಗವನ್ನು, ಒಳಗೆ ಅವನ ಕಾಲಿರುವ ಜಾಗವನ್ನು. ಮೊದಲ ದಿನ ಭಾವ ಚಹಾ ತರಿಸಿಕೊಟ್ಟ. ಎರಡನೆಯ ದಿನ ತರಿಸಲಿಲ್ಲ. ಮೂರನೆಯ ದಿನ ಬಂದು ಎದುರು ನಿಂತ.

"ಏನು ಬೇಕಮ್ಮ ನಿನಗೆ?"

"ಏನಿಲ್ಲ ಭಾವ. ನೋಡಿ ಕಲೀತಿದೀನಿ. ನಂಗೆ ಓಡಿಸೋಕೆ ಬರಲ್ಲ ಅಂತ ಎಲ್ರಿಗೂ ಹೇಳ್ತೀರಲ್ಲ."

ಅವನು ಕಲಿಯಲು ಬಂದವರತ್ತ ಒಮ್ಮೆ ನೋಡಿ ಕಾರಿನ ಕಡೆ ತಿರುಗಿ ಹೋದ. ಆವತ್ತಿನಿಂದ ಅವನ ಕಾರು ಕೆಟ್ಟಿತು. ಬೇಕಿಲ್ಲದ ಕಡೆಯೆಲ್ಲ ಬ್ರೇಕು. ಡಾಕ್ಟರಮ್ಮ ಕತ್ತು ಹಿಡಿದುಕೊಂಡು ಇಳಿದರು. ಮೇಷ್ಟ್ರೇ, ನಾನು ಇನ್ನೂ ಹೊರಟೇ ಇಲ್ಲ, ಆಗಲೇ ನಿಲ್ಲಿಸ್ತೀರಲ್ಲ ಎಂದರು. ಇನ್ನೊಬ್ಬ ಕಲಿಯುವವ ಬರುವುದನ್ನೇ ನಿಲ್ಲಿಸಿದ. ಭಾವ ಮಾತಾಡುತ್ತಾ ಮಾತಾಡುತ್ತಾ ತನ್ನದೇ ಬಲಗಾಲನ್ನು ನೋಡಿಕೊಳ್ಳುವುದನ್ನು ಅವಳು ಕಂಡಳು. ಅವನಿಗೆ ತಿಳಿದಿತ್ತು. ಅಪಘಾತದ ದಿನವೇ ತಿಳಿದಿತ್ತು. ತಿಳಿದೂ ಆ ಪಾಠ ಮಾಡಿದ್ದ, ಕಾಲು ತನ್ನದು, ಹೆಸರು ಅವಳದು.

ಅವಳಿಗೆ ಮನೆಗೆ ಹೋದ ಮೇಲೆ ಒಳ್ಳೆಯ ಹಸಿವಾಗತೊಡಗಿತ್ತು.

ರಜೆಯ ದಿನ ಅಕ್ಕ ಊಟಕ್ಕೆ ಕರೆದಳು. ಅವಳು ಹೋದಳು. ಅಡುಗೆಮನೆಗೆ ಅಂಟಿಕೊಂಡ ಸಣ್ಣ ಹಜಾರ, ಮೇಜಿನ ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಸು, ಗೋಡೆಯಲ್ಲಿ ಭಾವ ಯಾರಿಂದಲೋ ಪ್ರಶಸ್ತಿ ಪತ್ರ ತೆಗೆದುಕೊಳ್ಳುತ್ತಿರುವ ಫೋಟೋ. ಭಾವ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಅಕ್ಕ ಬಡಿಸುತ್ತಾ ಹವಾಮಾನದ ಬಗ್ಗೆ, ನೀರಿನ ಬಗ್ಗೆ, ಪಕ್ಕದ ಮನೆಯವರ ಹೊಸ ಸೋಫಾದ ಬಗ್ಗೆ ಮಾತಾಡಿದಳು. ಅವಳು ಕಾದಳು. ಅಕ್ಕನ ಮಾತು ಬರಿದಾಗುವ ತನಕ ಕಾದಳು.

"ಭಾವ, ಸರ್ವೇಯರು ನಮ್ಮನ್ನ ಕರೀತಾರೆ. ಹೇಗಾಯ್ತು ಅಂತ ನನ್ನ ಕೇಳ್ತಾರೆ. ನೀವು ಕಲಿಸೋರು, ಸ್ವಲ್ಪ ಹೇಳ್ಕೊಡಿ."

"ಅದರಲ್ಲೇನು ಹೇಳ್ಕೊಡೋದು," ಎಂದ ಭಾವ, ತಟ್ಟೆಯಿಂದ ತಲೆಯೆತ್ತದೆ. "ನಾಯಿ ಅಡ್ಡ ಬಂತು. ಗಾಬರಿ ಆಯ್ತು. ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತಿದೆ. ಅಷ್ಟೇ."

ಅಕ್ಕನ ಕೈಯ ಸೌಟು ಪಾತ್ರೆಯ ಅಂಚಿಗೆ ತಾಗಿತು.

"ಬ್ರೇಕ್ ಹಿಡೀಲಿಲ್ಲ ಅಂತ ನಂಗೆ ಹೇಳಿದ್ರಿ," ಎಂದಳು ಅಕ್ಕ.

"ಅದು ಬೇರೆ. ಇದು ಅಲ್ಲಿ ಹೇಳೋದು."

"ಯಾವ ಕಾಲಲ್ಲಿ ಒತ್ತಿದೆ ಭಾವ, ನಾನು?"

"ಬಲಗಾಲಲ್ಲಿ. ಇನ್ಯಾವುದರಲ್ಲಿ ಒತ್ತುತಾರೆ?"

"ಬಲಗಡೆ ಇರೋದು ಬ್ರೇಕು ಅಂದ್ಕೊಂಡು."

"ಹ್ಞೂಂ."

"ನನ್ನ ವ್ಯಾನಲ್ಲಿ ಬಲಗಡೆ ಇರೋದು ಆಕ್ಸಿಲರೇಟರ್ರು. ನಾನು ಕಲಿತಾಗಿಂದ ಅದು ಅಲ್ಲೇ ಇದೆ." ಅವಳು ಒಂದು ಗುಟುಕು ನೀರು ಕುಡಿದಳು. "ಬಲಗಡೆ ಬ್ರೇಕ್ ಇರೋದು ಯಾವ ಸೀಟಲ್ಲಿ ಭಾವ?"

ಅಕ್ಕನಿಗೆ ಗಾಡಿಯ ಗಂಧಗಾಳಿ ಇರಲಿಲ್ಲ, ಆದರೆ ಗಂಡ ಕಲಿಸುವ ಕಾರಿನಲ್ಲಿ ಹಿಂದೆ ಕೂತು ಎಷ್ಟೋ ಸಲ ಹೋಗಿ ಬಂದಿದ್ದಳು, ಅವನ ಬಲಗಾಲು ಎಗರುವುದನ್ನು ನೋಡಿದ್ದಳು. ಅಕ್ಕ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಏನು ನೋಡಿದಳೋ, ಚಪ್ಪಲಿಯೊಳಗಿನ ಒಂದು ಸಾಧಾರಣ ಪಾದ. ಭಾವ ಅದನ್ನು ಕುರ್ಚಿಯ ಹಿಂದಕ್ಕೆ ಎಳೆದುಕೊಂಡ.

ಆಮೇಲೆ ಅವನು ಜೋರಾಗಿ ನಗಲು ನೋಡಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡ್ತಾಳೆ ನಿನ್ನ ತಂಗಿ ಎಂದು ಅಕ್ಕನಿಗೆ ಹೇಳಿದ. ಅಕ್ಕ ನಗಲಿಲ್ಲ, ಅವನ ತಟ್ಟೆಗೆ ಇನ್ನೇನನ್ನೂ ಬಡಿಸಲೂ ಇಲ್ಲ. ಅವನು ಬರಿ ತಟ್ಟೆಯ ಮುಂದೆ ಕೂತೇ ಇದ್ದ. ಅವಳು ಎರಡು ಸಲ ಕೇಳಿ ಬಡಿಸಿಕೊಂಡು ಉಂಡಳು.

ಮರುದಿನ ಅಕ್ಕ ಬಟ್ಟೆ ಒಗೆಯುವ ಕೋಣೆಗೇ ಬಂದಳು. ಯಂತ್ರಗಳ ಸದ್ದಿನಲ್ಲಿ ಕೂಗಿ ಹೇಳಲಾಗದ ಮಾತನ್ನು ಕಿವಿಯ ಹತ್ತಿರ ಬಂದು ಹೇಳಿದಳು. ಅವರು ಮಾಡಿದ್ದು ತಪ್ಪೇ. ನನಗೂ ಸುಳ್ಳು ಹೇಳಿದರು, ನಿನ್ನ ತಲೆ ಮೇಲೆ ಗೂಬೆ ಕೂರಿಸಿದರು, ಎಲ್ಲ ಹೌದು. ಆದರೆ ನಿಜ ಹೊರಗೆ ಬಂದರೆ ಶಾಲೆ ಮುಚ್ಚುತ್ತೆ. ಪೆಡಲ್ ತಪ್ಪಿ ಒತ್ತಿದ ಮೇಷ್ಟ್ರ ಹತ್ತಿರ ಯಾರು ಬರುತ್ತಾರೆ? ಬೀದಿಯವರು ಮುಖದ ಮೇಲೇ ನಗುತ್ತಾರೆ.

"ಅವರಿಗೆ ಕಲಿಸೋದು ಬಿಟ್ರೆ ಬೇರೇನೂ ಬರಲ್ಲ ಮರಿ."

"ನಂಗೂ ಓಡಿಸೋದು ಬಿಟ್ರೆ ಬೇರೇನೂ ಬರಲ್ಲ ಅಕ್ಕ."

ಅಕ್ಕ ಒಂದು ಬಿಸಿ ಹೊದಿಕೆಯನ್ನು ಎತ್ತಿ, ತನಗರಿವಿಲ್ಲದಂತೆ, ಮಡಚತೊಡಗಿದಳು. ಇಬ್ಬರೂ ಎದುರುಬದುರು ತುದಿ ಹಿಡಿದು ಮಡಚಿದರು, ಚಿಕ್ಕವರಿದ್ದಾಗ ಮಡಚುತ್ತಿದ್ದ ಹಾಗೆಯೇ, ಒಬ್ಬರ ಕೈ ಇನ್ನೊಬ್ಬರ ಕೈಗೆ ತಾಗುವಷ್ಟು ಹತ್ತಿರ ಬಂದು ಮತ್ತೆ ದೂರ ಹೋಗುತ್ತಾ. ಒಂದು ಗಳಿಗೆ ಅವಳ ಮನಸ್ಸು ಮೆತ್ತಗಾಯಿತು. ಅಷ್ಟರಲ್ಲಿ ಹೊರಗೆ ವ್ಯಾನು ಬಂತು, ಗೇಟಿನ ಉಬ್ಬಿಗೆ ದಡಕ್ಕನೆ ಎಗರಿತು, ಒಳಗಿನಿಂದ ಯಾರೋ ನರಳಿದ್ದು ಕೇಳಿಸಿತು. ಅವಳು ಹೊದಿಕೆಯ ತುದಿಯನ್ನು ಅಕ್ಕನ ಕೈಗೇ ಕೊಟ್ಟು ಯಂತ್ರದತ್ತ ತಿರುಗಿದಳು.

ಸರ್ವೇಯರ ಆಫೀಸು ಒಂದು ಹಳೆಯ ಕಟ್ಟಡದ ಮೇಲ್ಮಹಡಿಯಲ್ಲಿತ್ತು. ತಿರುಗುವಾಗ ಗೊಣಗುವ ಫ್ಯಾನು, ಗೋಡೆಯುದ್ದಕ್ಕೂ ಜಜ್ಜಿದ ಗಾಡಿಗಳ ಫೋಟೋ ತುಂಬಿದ ಕಪಾಟು, ಲವಂಗದ ವಾಸನೆ. ಅಕ್ಕ ಭಾವ ಅವಳಿಗಿಂತ ಮುಂಚೆಯೇ ಬಂದು ಕೂತಿದ್ದರು. ಭಾವನ ಅಂಗಿಗೆ ಇಸ್ತ್ರಿ ಇರಲಿಲ್ಲ. ಜೇಬಿನಲ್ಲಿ ಒಂದೇ ಪೆನ್ನಿತ್ತು.

ಸರ್ವೇಯರು ಮಾತು ಶುರು ಮಾಡುವ ಮುಂಚೆಯೇ ಭಾವ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟ. ವಿಮೆಯ ಕ್ಲೇಮನ್ನು ವಾಪಸು ತೆಗೆದುಕೊಳ್ಳುತ್ತೇವೆ ಎಂದು ಟೈಪು ಮಾಡಿಸಿ ತಂದಿದ್ದ. ಕಾರಿನ ಪೂರ್ತಿ ಬೆಲೆ, ಗೋಡೆ, ಸ್ಕೂಟರು, ಎಲ್ಲವನ್ನೂ ತಾನೇ ಭರಿಸುವುದಾಗಿ, ಬಾಡಿಗೆ ಕಂಪನಿಯೊಂದಿಗೆ ಮಾತಾಡಿ ಬಂದಿರುವುದಾಗಿ ಹೇಳಿದ. ಶಾಲೆಯ ಎರಡು ಕಾರುಗಳನ್ನು ಮಾರುತ್ತಾನಂತೆ. ಪಕ್ಕದ ಪಟ್ಟಣದ ಜಾಗವನ್ನೂ ಬಿಟ್ಟನಂತೆ. ನಾದಿನಿಯ ಕೈಯಿಂದ ಒಂದು ಬಿಡಿಗಾಸೂ ಹೋಗುವುದಿಲ್ಲ. ಒಪ್ಪಂದ ಅವಳ ಹೆಸರಿನಲ್ಲಿ ಇರುವುದರಿಂದ ಹಾಳೆಗೆ ಅವಳ ಸಹಿ ಬೇಕು, ಅಷ್ಟೇ.

ಅವಳು ಸರ್ವೇಯರ ಕಡೆ ನೋಡಿದಳು.

ಸರ್ವೇಯರು ಹಾಳೆಯನ್ನು ಎರಡು ಸಲ ಓದಿದರು. ಇದು ಹೀಗೂ ಆಗಬಹುದು ಎಂದರು. ಕ್ಲೇಮು ವಾಪಸಾದರೆ ತಮ್ಮ ಕೆಲಸ ಮುಗಿಯಿತು; ತಾವು ಏನನ್ನೂ ಕಂಡುಹಿಡಿಯಬೇಕಾಗಿಲ್ಲ, ಯಾರ ಮೇಲೂ ಮೋಸದ ಮಾತು ಬರುವುದಿಲ್ಲ. ಕಡತ ಈಗ ಹೇಗಿದೆಯೋ ಹಾಗೆ ಮುಚ್ಚಿಹೋಗುತ್ತದೆ.

"ಈಗ ಹೇಗಿದೆಯೋ ಹಾಗೆ ಅಂದ್ರೆ?"

"ಆಸ್ಪತ್ರೆಯಲ್ಲಿ ನೀವು ಕೊಟ್ಟ ಹೇಳಿಕೆ ಇರುತ್ತೆ. ಓಡಿಸ್ತಿದ್ದವರು ನೀವು ಅಂತ."

"ನಾನು ಇವತ್ತು ನಿಜ ಬರೆದುಕೊಟ್ರೆ?"

ಸರ್ವೇಯರು ಶೆಡ್ಡಿನಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು, ಈ ಸಲ ಮೂವರಿಗೂ ಕೇಳುವ ಹಾಗೆ. ಅಪಘಾತ ಅವಳ ಹೆಸರಿನಿಂದ ಇಳಿಯುತ್ತದೆ, ಆದರೆ ಹಣದ ಹೊರೆ ಇಬ್ಬರ ಮೇಲೂ ಬರುತ್ತದೆ, ಓಡಿಸಿದವರ ಮೇಲೆ, ಸಹಿ ಮಾಡಿದವರ ಮೇಲೆ. ನೀವು ಕಂತಿನಲ್ಲಿ ಕಟ್ಟಬೇಕಾದೀತು, ಬಹಳ ಕಾಲ ಹಿಡಿಯುತ್ತದೆ ಎಂದರು. ಹಾಳೆಯನ್ನು ಅವಳ ಮುಂದಿಟ್ಟು, ತಾವು ಈ ಕುರ್ಚಿಯಲ್ಲಿ ಕೂತು ಸಲಹೆ ಕೊಡುವ ಹಾಗಿಲ್ಲ, ಆದರೂ ಇಷ್ಟು ಉದಾರವಾದ ರಾಜಿಯನ್ನು ತಾವು ನೋಡಿದ್ದು ಕಡಿಮೆ ಎಂದರು.

ಭಾವ ಜೇಬಿನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅವಳ ಮುಂದೆ ಹಾಳೆಯ ಮೇಲಿಟ್ಟ. ಪೆನ್ನು ಉರುಳದಂತೆ ಒಂದು ಬೆರಳು ಅಡ್ಡ ಇಟ್ಟ. ಅವನು ಇಷ್ಟು ಹತ್ತಿರದಿಂದ ಇಷ್ಟು ಮುದುಕನಾಗಿ ಅವಳಿಗೆ ಎಂದೂ ಕಂಡಿರಲಿಲ್ಲ.

"ಇನ್ನೇನು ಮಾಡ್ಲಿ ಹೇಳು," ಎಂದ. "ಎರಡು ಕಾರು ಹೋಯ್ತು. ಜಾಗ ಹೋಯ್ತು. ನಿನಗೆ ನಮ್ಮಲ್ಲೇ ಕೆಲಸ ಕೊಡ್ತೀನಿ, ಹೆಂಗಸರ ಬ್ಯಾಚು ಪೂರ್ತಿ ನೀನೇ ನೋಡ್ಕೋ. ಬೋರ್ಡಲ್ಲಿ ನಿನ್ನ ಹೆಸರೂ ಬರೆಸ್ತೀನಿ. ಇದೊಂದು ಮಾತ್ರ ಹೀಗೇ ಇರ್ಲಿ."

"ಅವರು ಇಷ್ಟು ಇಳಿದು ಬಂದಿದಾರೆ ಮರಿ," ಎಂದಳು ಅಕ್ಕ.

ಅವಳು ಹಾಳೆಯನ್ನು ಓದಿದಳು. ಕೆಳಗೆ ಚುಕ್ಕೆಗಳ ಗೆರೆ, ಗೆರೆಯ ಕೆಳಗೆ ಅವಳ ಹೆಸರು, ಹೆಸರಿನ ಕೆಳಗೆ ಬ್ರಾಕೆಟ್ಟಿನಲ್ಲಿ 'ಚಾಲಕಿ'. ಟೈಪು ಮಾಡಿದವನು ಯಾರೋ, ಭಾವ ಹೇಳಿದ್ದನ್ನು ಬರೆದಿದ್ದ. ಅವಳು ಪೆನ್ನಿನ ಮೇಲಿದ್ದ ಭಾವನ ಬೆರಳನ್ನು ಎತ್ತಿ ಬದಿಗಿಟ್ಟಳು, ಪೆನ್ನಿಗೆ ಮುಚ್ಚಳ ಹಾಕಿದಳು, ಹಾಳೆಯ ಸಮೇತ ಅವನ ಕಡೆಗೆ ಸರಿಸಿದಳು.

"ಹಾಕಲ್ಲ," ಎಂದಳು.